ಬೇಡದೆ ಬಂದ ಹಾಡಿನ ಪೆಟ್ಟಿಗೆ

ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಂಚಿನ ಊರು. ಸ್ವಲ್ಪ ಆಚೆ ಹೋದರೆ ತೆಲಂಗಾಣ. ಇಲ್ಲಿನ ಅಂಗಡಿ ಕಟ್ಟೆಯ ಮೇಲೆ ಕನ್ನಡ, ತೆಲುಗು, ದಖನಿ ಉರ್ದು, ತಾಂಡಾಗಳ ಲಂಬಾಣಿ ಮಾತು ಒಟ್ಟೊಟ್ಟಿಗೆ ಕೇಳುತ್ತವೆ. ದುಡಿಮೆ ಹುಡುಕಿ ಹೈದರಾಬಾದ್, ಪುಣೆ, ಮುಂಬೈ ಸೇರಿದ ಈ ಸೀಮೆಯ ಮಕ್ಕಳು ಹಬ್ಬಕ್ಕೆ ಮರಳುವಾಗ ಹಿರಿಯರಿಗೆಂದು ಸೀರೆ, ಧೋತರ, ಗುಳಿಗೆ ತರುತ್ತಿದ್ದರು. ಈಚೆಗೆ ಅವುಗಳ ಜೊತೆಗೆ ಅಂಗೈಯಲ್ಲಿ ಹಿಡಿಯಬಹುದಾದ ಹಾಡಿನ ಪೆಟ್ಟಿಗೆಯೂ ಬರತೊಡಗಿದೆ. ಅದನ್ನು ಕೈಗಿಟ್ಟಾಗ ಬಹಳ ಮನೆಗಳಲ್ಲಿ ಕೇಳುವ ಮೊದಲ ಮಾತು ಒಂದೇ: "ಇದ್ಯಾಕ ತಂದಿ? ನನಗ್ಯಾಕ ಬೇಕಿತ್ತು?"

ಮಕ್ಕಳು ಈ ಮಾತಿಗೆ ಮೂರು ಕಾರಣ ಊಹಿಸುತ್ತಾರೆ: ರೊಕ್ಕ ಹಾಳಾಯಿತೆಂಬ ಚಿಂತೆ, ಯಂತ್ರದ ಅಂಜಿಕೆ, ವಯಸ್ಸಿನ ಹಟ. ಮೂರೂ ಇರಬಹುದು. ಆದರೆ ಸೇಡಂ, ಚಿತ್ತಾಪುರ, ಚಿಂಚೋಳಿಯ ಈ ನೆಲದಲ್ಲಿ ಆ ಹಿಂಜರಿಕೆಗೆ ಇನ್ನೂ ಹಳೆಯ ಬೇರುಗಳಿವೆ. ಬೇಡದೆ ಬಂದದ್ದನ್ನು ಪಡೆಯಬಹುದೇ? ಪಡೆದರೆ ಅದರ ಋಣ ಏನು? ಹಾಡನ್ನು ಯಾವಾಗ, ಎಲ್ಲಿ, ಯಾರ ಜೊತೆ ಕೇಳಬೇಕು? ಇವು ಈ ಸೀಮೆಯ ಬೌದ್ಧರು, ಜೈನರು, ಶರಣರು, ಸೂಫಿಗಳು ಬಹು ಗಂಭೀರವಾಗಿ ಕೇಳಿಕೊಂಡ ಪ್ರಶ್ನೆಗಳು. ಅಜ್ಜಿಯ ಗೊಣಗಾಟವೆಂದು ಇವುಗಳನ್ನು ತಳ್ಳಿಹಾಕುವುದು ತಪ್ಪಾಗುತ್ತದೆ.

ಮೊದಲು ಪೆಟ್ಟಿಗೆಯನ್ನೇ ನೋಡಬೇಕು. 1998ರಲ್ಲಿ ದಕ್ಷಿಣ ಕೊರಿಯಾದ ಸೇಹಾನ್ ಕಂಪನಿ ತಂದ ಎಂಪಿಮ್ಯಾನ್ ಎಂಬ ಜೇಬಿನ ಪ್ಲೇಯರ್‌ನ ನೆನಪಿನ ಶಕ್ತಿ 32 ಮೆಗಾಬೈಟ್, ಎಂದರೆ ಏಳೆಂಟು ಹಾಡು. 2001ರ ಅಕ್ಟೋಬರ್‌ನಲ್ಲಿ ಆ್ಯಪಲ್ ಐಪಾಡ್ ಬಂದಾಗ ಅದು ಸಾವಿರ ಹಾಡಿಗೆ ಏರಿತು. 2017ರಲ್ಲಿ ಸರೆಗಮ ಸಂಸ್ಥೆ ‘ಕಾರವಾನ್’ ಎಂಬ ಪೆಟ್ಟಿಗೆಯನ್ನು ಮಾರುಕಟ್ಟೆಗೆ ಬಿಟ್ಟಿತು. ನೋಡಲು ಹಳೆಯ ಟ್ರಾನ್ಸಿಸ್ಟರ್ ರೇಡಿಯೊ, ತಿರುಗಿಸಲು ದಪ್ಪನೆಯ ಗುಂಡಿ, ಒಳಗೆ ಮೊದಲೇ ತುಂಬಿಟ್ಟ 5000 ಹಿಂದಿ ಹಾಡು. ಇಂಟರ್‌ನೆಟ್ ಬೇಡ, ಕ್ಯಾಸೆಟ್ ಬೇಡ. ತಂದೆತಾಯಿಗೆ ಕೊಡಬಹುದಾದ ಕಾಣಿಕೆ ಎಂದೇ ಅದರ ಪ್ರಚಾರ ನಡೆಯಿತು, ಹಾಗೆಯೇ ಅದು ಮನೆಮನೆ ಸೇರಿತು. ಅದೇ ಮಾದರಿಯ ಅಗ್ಗದ ಪೆಟ್ಟಿಗೆಗಳು ಸಂತೆಗಳಿಗೂ ಬಂದಿವೆ. ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡಿಗೆ ಭಜನೆ, ಸಿನಿಮಾ, ಲಂಬಾಣಿ ಪದ ತುಂಬಿಸಿ ಕೊಡುತ್ತಾರೆ.

ಒಂದು ಹಾಡು ನಾಲ್ಕು ನಿಮಿಷವೆಂದು ಹಿಡಿದರೆ 5000 ಹಾಡು ಮುಗಿಯಲು 333 ಗಂಟೆ ಬೇಕು. ಹಗಲು ರಾತ್ರಿ ಎಡೆಬಿಡದೆ ಕೇಳಿದರೂ ಹದಿಮೂರು ದಿನ ದಾಟಿ ಹದಿನಾಲ್ಕನೆಯ ದಿನದ ಕೊನೆಗೆ ಬರುತ್ತದೆ. ಜಾತ್ರೆ, ಅಮಾವಾಸ್ಯೆಯ ಭಜನೆ, ಮೊಹರಮ್ಮಿನ ರಿವಾಯತ್, ಮದುವೆಯ ಸೋಬಾನೆ, ಕಲಬುರಗಿ ಆಕಾಶವಾಣಿಯ ಗೊತ್ತಾದ ಹೊತ್ತಿನ ಕಾರ್ಯಕ್ರಮ: ಇಷ್ಟಿಷ್ಟೇ ಆಗಿ, ಕಾದು ಹಾಡು ಕೇಳಿದ ತಲೆಮಾರಿನ ಕೈಗೆ ಇಷ್ಟೊಂದು ಹಾಡು ಒಮ್ಮೆಗೇ ಬಂದು ಬಿದ್ದಿದೆ.

ಕೊಡುವುದಕ್ಕಿಂತ ಪಡೆಯುವುದು ಕಷ್ಟವೆಂಬ ಅರಿವು ಹೊಸದಲ್ಲ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರ ತನ್ನ ಹೆಸರಾಂತ ಪ್ರಬಂಧದಲ್ಲಿ, ಕಾಣಿಕೆಯೆಂಬುದು ಮೂರು ಹೊಣೆಗಳ ಸರಪಳಿ ಎಂದು ತೋರಿಸಿದ. ಕೊಡಬೇಕು, ಪಡೆಯಬೇಕು, ಮರಳಿಸಬೇಕು. ಅದಕ್ಕಾಗಿ ಅವನು ಶಾಂತಸಾಗರದ ದ್ವೀಪಗಳ ಜೊತೆಗೆ ಭಾರತದ ಧರ್ಮಶಾಸ್ತ್ರಗಳನ್ನೂ ಓದಿದ್ದ. ದಾನ ಪಡೆಯುವ ಅಧಿಕಾರ ಇದ್ದವನೂ ಅದಕ್ಕೆ ಅಂಟಿಕೊಳ್ಳಬಾರದು, ಅದರಿಂದ ಅವನ ತೇಜಸ್ಸು ಕುಂದುತ್ತದೆ ಎಂದು ಮನುಸ್ಮೃತಿ ಎಚ್ಚರಿಸುತ್ತದೆ. ಅದು ಒಂದು ವರ್ಣಕ್ಕೆ ಮಾತ್ರ ಹೇಳಿದ ಎಚ್ಚರಿಕೆ. ಹನ್ನೆರಡನೆಯ ಶತಮಾನದ ಶರಣರು ಆ ಎಚ್ಚರವನ್ನು ಬೆವರು ಸುರಿಸುವ ಎಲ್ಲರ ಪಾಲಿಗೂ ತಂದರು.

ಚಿಂಚೋಳಿಯಿಂದ ಬಸವಕಲ್ಯಾಣ ಬಹಳ ದೂರವೇನಲ್ಲ. ಅಲ್ಲಿ ಬೀದಿಯಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಸಂತೋಷಪಡಲಿಲ್ಲ. ಇಷ್ಟೇಕೆ ಎಂದು ಕೇಳಿದಳು. ಮಿಕ್ಕದ್ದನ್ನು ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಆ ಅಕ್ಕಿ ಕದ್ದದ್ದಾಗಿರಲಿಲ್ಲ, ಯಾರ ಬಾಯಿಯ ತುತ್ತೂ ಆಗಿರಲಿಲ್ಲ. ಅವಳ ತಕರಾರು ಅಕ್ಕಿಯ ಮೇಲಲ್ಲ, ಬೇಕಾದದ್ದಕ್ಕಿಂತ ಹೆಚ್ಚು ಒಳಗೆ ಬಂದರೆ ಅದರ ಬೆನ್ನಿಗೇ ಬರುವ ಆಸೆಯ ಮೇಲೆ. ಮನೆಯ ಹೊಸ್ತಿಲಲ್ಲಿ ನಿಂತು ಒಬ್ಬ ಬಡ ಹೆಣ್ಣುಮಗಳು ಮಾಡಿದ ಈ ಲೆಕ್ಕ ಕನ್ನಡದ ಧಾರ್ಮಿಕ ಚಿಂತನೆಯ ಅತಿ ದಿಟ್ಟ ಗಳಿಗೆಗಳಲ್ಲಿ ಒಂದು. "ನನಗ್ಯಾಕ ಬೇಕಿತ್ತು" ಎನ್ನುವ ಇಂದಿನ ಮುದುಕಿಯ ಮಾತಿನಲ್ಲಿ ಲಕ್ಕಮ್ಮನ ಪ್ರಶ್ನೆಯೇ ಇದೆ.

ಅದೇ ಪ್ರಶ್ನೆಯನ್ನು ನಮ್ಮ ಕಾಲದಲ್ಲಿ ಬದುಕಿ ತೋರಿಸಿದವರು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. ಅವರು ತೊಡುತ್ತಿದ್ದ ಬಿಳಿ ಅಂಗಿಗೆ ಜೇಬು ಇರಲಿಲ್ಲ. ಉತ್ತರ ಕರ್ನಾಟಕದ ಹಳ್ಳಿಹಳ್ಳಿಗೂ ಗೊತ್ತಿದ್ದ ಸಂಗತಿ ಇದು. 2018ರಲ್ಲಿ ಕೇಂದ್ರ ಸರ್ಕಾರ ಪದ್ಮಶ್ರೀ ಘೋಷಿಸಿದಾಗ ಅವರು ಪ್ರಧಾನಿಗೆ ಪತ್ರ ಬರೆದು, ಸನ್ಯಾಸಿಗೆ ಪ್ರಶಸ್ತಿಯ ಅಗತ್ಯವಿಲ್ಲವೆಂದು ವಿನಯದಿಂದ ಮರಳಿಸಿದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ, ತಮಗಾಗಿ ಸ್ಮಾರಕ ಕಟ್ಟಬಾರದೆಂದು ಬರೆದಿಟ್ಟಿದ್ದ ಪತ್ರದಂತೆಯೇ ದೇಹವನ್ನು ಅಗ್ನಿಗೆ ಅರ್ಪಿಸಲಾಯಿತು. ಪಡೆಯಲು ಇಷ್ಟು ಹಿಂಜರಿದ ಅವರು ಕೊಡುವಾಗ ಲೆಕ್ಕವಿಡಲಿಲ್ಲ. ಊರೂರಿಗೆ ಹೋಗಿ ತಿಂಗಳುಗಟ್ಟಲೆ ಬೆಳಗಿನ ಪ್ರವಚನ ಕೊಟ್ಟರು. ಜೇಬಿಲ್ಲದ ಅಂಗಿ ತೊಟ್ಟವರ ಆ ಧ್ವನಿಯನ್ನು ಇಂದು ಜನ ತಮ್ಮ ಜೇಬಿನ ಫೋನಿನಲ್ಲಿ, ಪುಟ್ಟ ಪ್ಲೇಯರಿನಲ್ಲಿ ಕೇಳುತ್ತಿದ್ದಾರೆ. ಬೆಳಗಿನ ಜಾವ ಅದನ್ನು ಕೇಳಿ ದಿನ ಶುರುಮಾಡುವ ಹಿರಿಯರಿಗೆ ಅದೇ ಪೂಜೆ.

ಹಾಗಾದರೆ ಪೆಟ್ಟಿಗೆಯನ್ನು ಒಲ್ಲೆ ಎಂದುಬಿಟ್ಟರೆ ಧರ್ಮ ಉಳಿಯಿತೇ? ಇಲ್ಲ. ನಿರಾಕರಣೆಯೊಂದೇ ಉತ್ತರವೆಂದು ಈ ನೆಲ ಹೇಳಿಲ್ಲ.

ಚಿಷ್ತಿ ಸೂಫಿಗಳ ದಾರಿ ಇದಕ್ಕೆ ಒಳ್ಳೆಯ ಉದಾಹರಣೆ. ಕಲಬುರಗಿಯಲ್ಲಿ 1422ರಲ್ಲಿ ದೇಹ ಬಿಟ್ಟ ಖ್ವಾಜಾ ಬಂದೇನವಾಜ್ ಗೇಸುದರಾಜ್ ಅವರ ಗುರು ದೆಹಲಿಯ ನಾಸಿರುದ್ದೀನ್ ಚಿರಾಗ್, ಅವರ ಗುರು ನಿಜಾಮುದ್ದೀನ್ ಔಲಿಯಾ. ಈ ಪರಂಪರೆಯಲ್ಲಿ ಕೇಳಿ ಪಡೆಯುವುದು ಸಲ್ಲದು. ಆದರೆ ಕೇಳದೆ ಬಂದದ್ದನ್ನು ‘ಫುತೂಹ್’ ಎಂದು ಸ್ವೀಕರಿಸಬಹುದು, ಒಂದು ಕಟ್ಟಳೆಯೊಂದಿಗೆ: ಅದು ನಿಲ್ಲಬಾರದು, ಹಂಚಿಹೋಗಬೇಕು. ನಿಜಾಮುದ್ದೀನರು ಶುಕ್ರವಾರದ ಪ್ರಾರ್ಥನೆಗೆ ಹೊರಡುವ ಮುನ್ನ ಉಗ್ರಾಣವನ್ನು ಬರಿದು ಮಾಡಿಸುತ್ತಿದ್ದರು. ಬೇಡದೆ ಬಂದ ಕಾಣಿಕೆ ಅವರಿಗೆ ಭಾರವಾಗಲಿಲ್ಲ, ಏಕೆಂದರೆ ಅದು ಅವರ ಬಳಿ ತಂಗುತ್ತಲೇ ಇರಲಿಲ್ಲ.

ಇನ್ನೂ ಹಿಂದೆ ಹೋದರೆ ಚಿತ್ತಾಪುರ ತಾಲ್ಲೂಕಿನ ಭೀಮಾ ದಂಡೆಯ ಸನ್ನತಿ ಸಿಗುತ್ತದೆ. ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪವನ್ನು ಭಾರತೀಯ ಪುರಾತತ್ವ ಇಲಾಖೆ ಅಗೆದಾಗ, ಕೆತ್ತಿದ ಸುಣ್ಣಕಲ್ಲಿನ ಚಪ್ಪಡಿಗಳ ನಡುವೆ ರಾಣಿಯರು, ಚಾಮರ ಹಿಡಿದ ಪರಿಚಾರಿಕೆಯರ ಜೊತೆ ನಿಂತ ರಾಜನೊಬ್ಬನ ಉಬ್ಬುಶಿಲ್ಪ ಸಿಕ್ಕಿತು. ಮೇಲೆ ಬ್ರಾಹ್ಮಿ ಅಕ್ಷರದಲ್ಲಿ ‘ರಾಯ ಅಸೋಕ’ ಎಂದು ಹೆಸರು. ಅದರಷ್ಟು ಪ್ರಸಿದ್ಧವಲ್ಲದ, ಆದರೆ ಈ ಪ್ರಶ್ನೆಗೆ ಹೆಚ್ಚು ಹತ್ತಿರದ ಇನ್ನೊಂದು ಸಂಗತಿ ಅಲ್ಲಿದೆ. ಆ ಕಲ್ಲುಗಳಲ್ಲಿ ಹಲವು ದಾನವಾಗಿ ಬಂದವು, ಕೊಟ್ಟವರ ಹೆಸರು ಪ್ರಾಕೃತದಲ್ಲಿ ಅವುಗಳ ಮೇಲೇ ಇದೆ. ಒಬ್ಬೊಬ್ಬರು ಒಂದೊಂದು ಕಲ್ಲು ಕೊಟ್ಟು ಕಟ್ಟಿದ ಸ್ತೂಪ ಯಾರೊಬ್ಬರ ಸ್ವತ್ತೂ ಆಗಲಿಲ್ಲ. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1980ರ ದಶಕದಲ್ಲಿ ಕಾಳಿಗುಡಿಯ ಚಾವಣಿ ಕುಸಿದ ಮೇಲೆ ಬೆಳಕಿಗೆ ಬಂದ ಅಶೋಕನ ಶಾಸನದ ಕಲ್ಲಿನಲ್ಲಿ ಅವನ ಹನ್ನೆರಡನೆಯ ಶಿಲಾಶಾಸನದ ಭಾಗವಿದೆ. ಎಲ್ಲ ಪಂಥಗಳ ಸಾರ ಬೆಳೆಯುವುದಕ್ಕೆ ತಾನು ಕೊಡುವಷ್ಟು ಬೆಲೆಯನ್ನು ದಾನಕ್ಕಾಗಲಿ ಸನ್ಮಾನಕ್ಕಾಗಲಿ ಕೊಡುವುದಿಲ್ಲವೆಂದು ಆ ಶಾಸನದಲ್ಲಿ ಅರಸ ಹೇಳುತ್ತಾನೆ. ಕೊಡುವ ಕೈಯೇ ತನ್ನ ಕೊಡುಗೆಯನ್ನು ಹೀಗೆ ಎರಡನೆಯ ಸ್ಥಾನದಲ್ಲಿ ಇಟ್ಟಾಗ ಪಡೆಯುವವರ ತಲೆ ತಗ್ಗಬೇಕಾಗಿಲ್ಲ.

ಪಡೆಯುವ ಮಾತು ಹೀಗಾದರೆ, ಹಾಡಿನ ಮಾತು ಬೇರೆ. ಅಕ್ಕಿ ಹೆಚ್ಚಾದರೆ ಮರಳಿಸಬಹುದು, ಹಣ ಬಂದರೆ ಹಂಚಬಹುದು. ಹಾಡು ಹೆಚ್ಚಾದರೆ ಏನು ಮಾಡಬೇಕು?

ಬೌದ್ಧ ಸಂಘಕ್ಕೆ ಹೊಸದಾಗಿ ಸೇರಿದ ಶ್ರಾಮಣೇರ ಪಾಲಿಸುವ ಹತ್ತು ಶೀಲಗಳಲ್ಲಿ ಕುಣಿತ, ಹಾಡು, ವಾದ್ಯಗಳಿಂದ ದೂರವಿರುವುದೂ ಒಂದು. ಗೃಹಸ್ಥರೂ ಉಪೋಸಥ ಎಂಬ ವ್ರತದ ದಿನಗಳಲ್ಲಿ ಅದನ್ನು ಪಾಲಿಸುತ್ತಾರೆ. ಸನ್ನತಿಯ ವಿಹಾರದಲ್ಲಿದ್ದ ಭಿಕ್ಖುವಿಗೆ ಯಾರಾದರೂ ಇಂಥ ಪೆಟ್ಟಿಗೆ ಕೊಡಲು ಹೋಗಿದ್ದರೆ ಅವನು ಮುಟ್ಟುತ್ತಿರಲಿಲ್ಲ. ಆದರೂ ಬುದ್ಧ ಸಂಗೀತದ ವೈರಿಯಾಗಿರಲಿಲ್ಲ. ದೀಘನಿಕಾಯದಲ್ಲಿ ಪಂಚಶಿಖನೆಂಬ ಗಂಧರ್ವ ವೀಣೆ ನುಡಿಸಿ ಹಾಡಿದಾಗ, ತಂತಿಯ ದನಿಯೂ ಕಂಠದ ದನಿಯೂ ಒಂದಕ್ಕೊಂದು ಹೊಂದಿದ್ದನ್ನು ಬುದ್ಧ ಮೆಚ್ಚಿ ಮಾತಾಡುತ್ತಾನೆ. ಅಲ್ಲಿ ಹಾಡುವವನು ಎದುರಿಗಿದ್ದ. ಕೇಳಿದವನು ಅವನಿಗೆ ಮಾತಿನಲ್ಲಿ ಮರಳಿಸಿದ.

ಜೈನರು ಇದನ್ನು ಇನ್ನೂ ಕರಾರುವಾಕ್ಕಾಗಿ ಯೋಚಿಸಿದರು. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ, ‘ಕವಿರಾಜಮಾರ್ಗ’ ಹುಟ್ಟಿದ ಅಮೋಘವರ್ಷನ ಆಸ್ಥಾನ, ಆಚಾರ್ಯ ಜಿನಸೇನರನ್ನು ಗುರುವೆಂದು ಗೌರವಿಸಿದ ಅರಸನ ಊರು. ಕಾಗಿಣಾ ದಂಡೆಯ ಆ ಊರಿನಲ್ಲಿ ಇಂದಿಗೂ ನೇಮಿನಾಥ ಬಸದಿ ಇದೆ. ಜೈನ ಶ್ರಾವಕನಿಗೆ, ಎಂದರೆ ಗೃಹಸ್ಥನಿಗೆ, ಅಪರಿಗ್ರಹದ ವ್ರತ ಮುನಿಗಿರುವಷ್ಟು ಕಠಿಣವಲ್ಲ. ಅವನು ತನ್ನ ಸೊತ್ತಿಗೂ ಭೋಗಕ್ಕೂ ಒಂದು ಮಿತಿ ಹಾಕಿಕೊಂಡರೆ ಸಾಕು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಆ ಮಿತಿಗೆ ಒಳಪಡಬೇಕಾದವುಗಳ ಪಟ್ಟಿ ಕೊಡುತ್ತದೆ. ಊಟ, ವಾಹನ, ಹಾಸಿಗೆ, ಸ್ನಾನ, ತಾಂಬೂಲ, ಬಟ್ಟೆ, ಒಡವೆಗಳ ಜೊತೆಗೆ ಅಲ್ಲಿ ಸಂಗೀತವೂ ಇದೆ, ಗೀತವೂ ಇದೆ. ಮಿತಿಯ ಅವಧಿಯನ್ನು ಅವರವರೇ ಗೊತ್ತುಮಾಡಿಕೊಳ್ಳಬಹುದು: ಒಂದು ಹಗಲು, ಒಂದು ರಾತ್ರಿ, ಪಕ್ಷ, ತಿಂಗಳು, ಋತು, ಅಯನ. ಹಾಡನ್ನು ಪಾಪವೆಂದು ಇಲ್ಲಿ ಹೇಳಿಲ್ಲ. ಅನ್ನ, ಬಟ್ಟೆಗಳ ಸಾಲಿನಲ್ಲೇ ಅದನ್ನು ಇಟ್ಟಿದ್ದಾರೆ. ಬದುಕಿಗೆ ಬೇಕಾದದ್ದು, ಅದಕ್ಕಾಗಿಯೇ ಅಳತೆಯೂ ಬೇಕಾದದ್ದು. ಹಾಡುವವರು ಎದುರಿಗಿದ್ದರೆ ಮಾತ್ರ ಹಾಡು ಸಿಗುತ್ತಿದ್ದ ಕಾಲದಲ್ಲೇ ಅದಕ್ಕೊಂದು ಅಳತೆ ಬೇಕೆಂದು ಯೋಚಿಸಿದವರು ಅವರು. 333 ಗಂಟೆಯ ಪೆಟ್ಟಿಗೆಯ ಮುಂದೆ ಕೂತವರಿಗೆ ಆ ನೇಮ ಹೆಚ್ಚು ಬೇಕಾಗಿದೆ.

ಸೂಫಿಗಳಿಗೆ ಸಮಾ, ಎಂದರೆ ದೈವಸ್ಮರಣೆಯ ಹಾಡನ್ನು ಕೇಳುವುದು, ಸಾಧನೆಯೇ ಆಗಿತ್ತು. ಅದು ಧರ್ಮಕ್ಕೆ ಒಪ್ಪುವುದೋ ಇಲ್ಲವೋ ಎಂಬ ವಾದ ಶತಮಾನಗಳ ಕಾಲ ನಡೆದಿದೆ. ಚಿಷ್ತಿಗಳೊಳಗೂ ಒಮ್ಮತವಿರಲಿಲ್ಲ. ವಾದ್ಯ ನುಡಿಸಿದ ಕೂಟವೊಂದರಿಂದ ನಾಸಿರುದ್ದೀನ್ ಚಿರಾಗ್ ಎದ್ದುಹೋಗಲು ಹೊರಟ ಪ್ರಸಂಗ ಪ್ರಸಿದ್ಧವಾಗಿದೆ. ಸಮಾಕ್ಕೆ ಮೂರು ಬೇಕು ಎಂದು ಬಾಗ್ದಾದಿನ ಜುನೈದರ ಹೆಸರಿನಲ್ಲಿ ಬಂದ ಮಾತನ್ನು ಇಮಾಂ ಗಜಾಲಿ ವಿವರಿಸುತ್ತಾರೆ: ತಕ್ಕ ಹೊತ್ತು, ತಕ್ಕ ಜಾಗ, ತಕ್ಕ ಜೊತೆಗಾರರು. ಊಟದ ಹೊತ್ತು, ಜಗಳದ ಹೊತ್ತು, ನಮಾಜಿನ ಹೊತ್ತು ತಕ್ಕದ್ದಲ್ಲ. ಜನ ಓಡಾಡುವ ದಾರಿ ತಕ್ಕ ಜಾಗವಲ್ಲ. ಮನಸ್ಸು ಕೂಡದವರ ನಡುವೆ ಕೂತು ಕೇಳಿದ್ದು ಕೇಳಿದಂತಲ್ಲ.

ಈ ಮೂರನ್ನು ಹಾಡಿನ ಪೆಟ್ಟಿಗೆಯ ಎದುರು ಇಟ್ಟು ನೋಡಿದರೆ ಅದರ ಸ್ವಭಾವ ಸ್ಪಷ್ಟವಾಗುತ್ತದೆ. ಪೆಟ್ಟಿಗೆಯ ಹೆಗ್ಗಳಿಕೆಯೆಂದರೆ ಯಾವ ಹೊತ್ತಿಗಾದರೂ, ಎಲ್ಲಾದರೂ, ಒಬ್ಬರೇ ಕೇಳಬಹುದು ಎಂಬುದು. ಹೊತ್ತು, ಜಾಗ, ಜೊತೆ ಮೂರನ್ನೂ ಅದು ಅನಗತ್ಯ ಮಾಡುತ್ತದೆ. ಕಡಕೋಳ ಮಡಿವಾಳಪ್ಪ, ಅವರ ಶಿಷ್ಯ ಚನ್ನೂರ ಜಲಾಲಸಾಹೇಬರ ತತ್ವಪದಗಳನ್ನು ಈ ಸೀಮೆಯ ಜನ ಏಕತಾರಿ, ದಮ್ಮಡಿ, ತಾಳ ಹಿಡಿದು ರಾತ್ರಿಯಿಡೀ ಹಾಡುವಾಗ ಒಬ್ಬರು ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ಹಿಡಿಯುತ್ತಾರೆ. ಮಧ್ಯೆ ನಿಲ್ಲಿಸಿ ಪದದ ಒಳಾರ್ಥ ಕೇಳುತ್ತಾರೆ, ಹಿರಿಯರು ಬಿಡಿಸಿ ಹೇಳುತ್ತಾರೆ, ಒಪ್ಪದವರು ಇನ್ನೊಂದು ಪದದಿಂದಲೇ ಜವಾಬು ಕೊಡುತ್ತಾರೆ. ಹಿಂದೂ ಮುಸ್ಲಿಮರು ಒಂದೇ ಜಮಖಾನೆಯ ಮೇಲೆ ಕೂತು ಕಟ್ಟಿದ ಪರಂಪರೆ ಅದು. ಅಂಥ ಕೂಟದಲ್ಲಿ ಕೇಳುವವನಿಗೂ ಕೆಲಸವಿದೆ. ಪೆಟ್ಟಿಗೆಯ ಮುಂದೆ ಕೇಳುವವನಿಗೆ ಗುಂಡಿ ತಿರುಗಿಸುವುದಷ್ಟೇ ಉಳಿಯುತ್ತದೆ. ಹಿರಿಯರ ಹಿಂಜರಿಕೆಯ ಬೇರು ಇಲ್ಲಿದೆ. ತಮ್ಮನ್ನು ಹಾಡುವವರ ಸಾಲಿನಿಂದ ಎಬ್ಬಿಸಿ ಕೇಳುವವರ ಸಾಲಿಗೆ, ಅದೂ ಒಂಟಿಯಾಗಿ, ಕೂಡಿಸಲಾಗುತ್ತಿದೆ ಎಂದು ಅವರಿಗೆ ಅನ್ನಿಸಿದರೆ ಅದು ತಪ್ಪಲ್ಲ.

ಇದಕ್ಕೆ ಬಲವಾದ ಎದುರುಮಾತು ಇದೆ, ಅದನ್ನು ಕೇಳಲೇಬೇಕು. ಮೊಣಕಾಲು ಹಿಡಿದು ಮಠದ ಮೆಟ್ಟಿಲು ಹತ್ತಲಾಗದವರು, ಕಣ್ಣಿಗೆ ಪೊರೆ ಬಂದವರು, ಹಾಸಿಗೆ ಹಿಡಿದವರು ಯಾವ ಕೂಟಕ್ಕೆ ಹೋಗಬೇಕು? ಮಕ್ಕಳೆಲ್ಲ ದುಡಿಯಲು ಹೋಗಿ ಬಾಗಿಲು ಮುಚ್ಚಿದ ಮನೆಗಳೇ ತುಂಬಿದ ಓಣಿಯಲ್ಲಿ ಜೊತೆ ಎಲ್ಲಿಂದ ತರಬೇಕು? ರಾತ್ರಿಯ ಭಜನೆಯ ಜಮಖಾನೆ ಬಹುಮಟ್ಟಿಗೆ ಗಂಡಸರದ್ದೇ ಆಗಿತ್ತು, ಹೆಂಗಸರು ಗೋಡೆಯಾಚೆ ಕೂತು ಕೇಳಿದರು. ಅವರ ಪಾಲಿನ ಹಾಡು ಬೀಸುಕಲ್ಲಿನ ಹಾಡು. ಊರಿಗೆ ಹಿಟ್ಟಿನ ಗಿರಣಿ ಬಂದು ತೋಳಿನ ನೋವು ಹೋಯಿತು, ಒಳ್ಳೆಯದೇ ಆಯಿತು. ಅದರ ಜೊತೆಗೆ ನಸುಕಿನಲ್ಲಿ ಇಬ್ಬರು ಹೆಂಗಸರು ಎದುರುಬದುರು ಕೂತು ಒಂದೇ ಗೂಟ ಹಿಡಿದು ಹಾಡುವ ಹೊತ್ತೂ ಹೋಯಿತು. ಆ ಜಾಗ ಖಾಲಿಯಾಗಿ ದಶಕಗಳೇ ಕಳೆದಿವೆ. ಅಲ್ಲಿಗೆ ಈಗ ಒಂದು ಪೆಟ್ಟಿಗೆ ಬಂದಿದ್ದರೆ, ಜೊತೆಯನ್ನು ಕಿತ್ತುಕೊಂಡ ಅಪರಾಧವನ್ನು ಅದರ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಲಬುರಗಿಯ ಶರಣಬಸವೇಶ್ವರರ ದಾಸೋಹದ ಹೆಸರು ಹೇಳುವ ನಾಡಿನಲ್ಲಿ ಹಸಿದವರಿಗೆ ಅನ್ನ ಬೇಡವೆನ್ನುವವರು ಇಲ್ಲ. ಒಂಟಿತನದಲ್ಲಿರುವ ಕಿವಿಗೆ ದನಿ ಬೇಡವೆಂದು ಹೇಳುವುದೂ ಸಲ್ಲದು.

ಆದ್ದರಿಂದ ಪ್ರಶ್ನೆ ಪಡೆಯಬೇಕೋ ಬೇಡವೋ ಎಂಬಲ್ಲಿ ನಿಲ್ಲುವುದಿಲ್ಲ. ಪಡೆದ ಮೇಲೆ ಏನು ಎಂಬಲ್ಲಿಗೆ ಬರುತ್ತದೆ. ಲಕ್ಕಮ್ಮ ಕೇಳಿದ್ದು ‘ಇಷ್ಟೇಕೆ’ ಎಂದು. ಶ್ರಾವಕಾಚಾರ ಕೇಳುವುದು ‘ಎಷ್ಟು ಹೊತ್ತು’ ಎಂದು. ಸೂಫಿಗಳು ಕೇಳುವುದು ‘ಯಾರ ಜೊತೆ’ ಎಂದು. ಫುತೂಹ್ ಕೇಳುವುದು ‘ಮುಂದೆ ಯಾರಿಗೆ’ ಎಂದು. ಇವುಗಳಲ್ಲಿ ಮೊದಲ ಮೂರಕ್ಕೆ ಉತ್ತರ ಸುಲಭ. ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು ಎಂದು ಗೊತ್ತುಮಾಡಬಹುದು, ಪೆಟ್ಟಿಗೆಯನ್ನು ಒಳಕೋಣೆಯಿಂದ ಕಟ್ಟೆಗೆ ತರಬಹುದು, ಪಕ್ಕದ ಮನೆಯವರನ್ನು ಕರೆಯಬಹುದು. ನಾಲ್ಕನೆಯದು ಕಷ್ಟ. ಮಗನಿಂದ ಬಂದ ಕಾಣಿಕೆಗೆ ತಾಯಿ ಏನನ್ನು ಮರಳಿಸಬೇಕು?

ಉತ್ತರ ಆ ಪೆಟ್ಟಿಗೆಯಲ್ಲಿ ಇಲ್ಲದಿರುವುದರಲ್ಲಿದೆ. ಅದರೊಳಗಿನ ಸಾವಿರಾರು ಹಾಡುಗಳಲ್ಲಿ ಕುಂಚಾವರಂ ಕಾಡಿನ ತಾಂಡಾದ ಅಜ್ಜಿ ತೀಜ್ ಹಬ್ಬಕ್ಕೆ ಹಾಡುವ ಪದವಿಲ್ಲ. ಸೇಡಂ ಸೀಮೆಯ ತೊಗರಿ ಹೊಲದಲ್ಲಿ ಕಳೆ ಕೀಳುವಾಗಿನ ಹಾಡಿಲ್ಲ. ಶಹಾಬಾದಿನ ಹಾಸುಗಲ್ಲಿನ ಗಣಿಯಲ್ಲಿ ಕಲ್ಲೆತ್ತುವಾಗ ಕೂಗಿಕೊಂಡ ಸೊಲ್ಲಿಲ್ಲ. ಅವು ಯಾವ ಕಂಪನಿಯ ಭಂಡಾರದಲ್ಲೂ ಇಲ್ಲ, ಹಾಡಿದವರ ಗಂಟಲಿನಲ್ಲಿ ಇವೆ, ಅವರ ಜೊತೆಗೇ ಹೋಗುತ್ತಿವೆ. ಆದರೆ ಅದೇ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಯುಎಸ್‌ಬಿ ಕಿಂಡಿ ಇರುತ್ತದೆ. ತಂದುಕೊಟ್ಟ ಮಗನ ಕೈಯಲ್ಲಿ ರೆಕಾರ್ಡ್ ಮಾಡಬಲ್ಲ ಫೋನ್ ಇರುತ್ತದೆ. ತಾಯಿ ಹಾಡಿದ ನಾಲ್ಕು ಪದಗಳು ಒಂದು ಪೆನ್ ಡ್ರೈವ್ ಸೇರಿದರೆ ಪಡೆದವಳು ಕೊಟ್ಟವಳಾಗುತ್ತಾಳೆ, ಋಣದ ಲೆಕ್ಕ ಸಮವಾಗುತ್ತದೆ. ಕನಗನಹಳ್ಳಿಯಲ್ಲಿ ಒಂದೊಂದು ಕಲ್ಲು ಕೊಟ್ಟವರು ಮಾಡಿದ್ದೂ ಇದನ್ನೇ.

ಈ ದೀಪಾವಳಿಗೆ, ಈ ಯುಗಾದಿಗೆ, ಈ ಈದ್‌ಗೆ ಊರಿಗೆ ಹೊರಡುವವರು ಪೆಟ್ಟಿಗೆ ಒಯ್ಯಲಿ, ತಪ್ಪಿಲ್ಲ. ಹಿರಿಯರು ಬೇಡವೆಂದರೆ ಮುನಿಯದೆ ಆ ಮಾತಿಗೆ ಕಿವಿಗೊಡಲಿ. ಚಾರ್ಜಿಗೆ ಹಾಕುವುದು, ಗುಂಡಿ ತಿರುಗಿಸುವುದು ಕಲಿಸಿಕೊಟ್ಟು ಮರುದಿನದ ಬಸ್ಸು ಹಿಡಿಯುವ ಮೊದಲು ಫೋನನ್ನು ಅವರ ಮುಂದಿಟ್ಟು, ಅವರಿಗೆ ಬರುವ ಪದವನ್ನು ಕೇಳಿ, ಧ್ವನಿಮುದ್ರಿಸಿಕೊಂಡು, ಅದನ್ನೂ ಆ ಪೆಟ್ಟಿಗೆಯ ಜೊತೆ ಇಟ್ಟು ಬರಲಿ. ಒಂದು ಪ್ರತಿಯನ್ನು ಊರಿನ ಶಾಲೆಗೂ ಕೊಡಲಿ.